ಸ್ಟೆಬಿಲೈಸರ್ ಬಾರ್ ಕಳಚುವುದು ಉಳಿತಾಯವೇ?

ನಂಜನಗೂಡಿನ ಬಾಳೆಗೊನೆ, ತಿ. ನರಸೀಪುರದ ಭತ್ತದ ಮೂಟೆ ಸಾಗಿಸುವ ಪಿಕಪ್ ವಾಹನಗಳಲ್ಲಿ ಸ್ಟೆಬಿಲೈಸರ್ ಬಾರಿನ ಬುಷ್ ಸವೆದು ಸದ್ದು ಮಾಡತೊಡಗಿದರೆ, ಬಾರನ್ನೇ ಕಳಚಿಸುವ ಮಾಲೀಕರುಂಟು. ಬಾರ್ ಇಲ್ಲದಿದ್ದರೆ ಗದ್ದೆಯ ಹಾದಿಯಲ್ಲಿ ಚಕ್ರಗಳು ಹಳ್ಳದಿಣ್ಣೆಗೆ ಸುಲಭವಾಗಿ ಹೊಂದಿಕೊಳ್ಳುತ್ತವೆ ಎಂಬ ಅವರ ವಾದ ಸುಳ್ಳಲ್ಲ. ಆದರೆ ಎಡಬಲದ ಚಕ್ರಗಳನ್ನು ಒಂದಕ್ಕೊಂದು ಬಿಗಿದು, ತಿರುವಿನಲ್ಲಿ ವಾಹನವು ಒಂದು ಮಗ್ಗುಲಿಗೆ ವಾಲುವುದನ್ನು ತಗ್ಗಿಸುವುದು ಆ ಬಾರೇ. ಹೇರು ಎತ್ತರವಾದಷ್ಟೂ ವಾಲುವ ಅಪಾಯ ಹೆಚ್ಚು. ಬಾಳೆಗೊನೆಯ ಹೇರು ಗಿಡ್ಡದಾಗಿರುವುದೇ ಅಪರೂಪ.

ಲೆಕ್ಕಪತ್ರದಲ್ಲೂ ಇದು ಉಳಿತಾಯವಲ್ಲ. ಬುಷ್ ಬದಲಾವಣೆಯು ದುರಸ್ತಿ ವೆಚ್ಚವಾಗಿ ಲಾಭದಿಂದ ಕಳೆಯಲ್ಪಡುತ್ತದೆ (ಬಿಲ್ಲು ಇಟ್ಟವರಿಗೆ ಮಾತ್ರ!). ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ ವಿಧಿಸುವ 5,000 ರೂ. ದಂಡಕ್ಕೆ ಆ ಸೌಲಭ್ಯವಿಲ್ಲ. ವಾಹನ ಮಗುಚಿದರೆ ವಿಮಾ ಸರ್ವೇಯರರು ಅದರ ಅಡಿಭಾಗವನ್ನೂ ಪರಿಶೀಲಿಸುತ್ತಾರೆ. ಅಲ್ಲಿ ಇಲ್ಲದ ಬಾರ್ ಕ್ಲೇಮಿಗೆ ತಕರಾರಾಗಬಹುದು.