ಮಿಲೆನಾ ಬಿಡದ ನಂಬಿಕೆ

ಈ ಸಂಚಿಕೆಯನ್ನು ರಾಜಕೀಯ ಸಿನಿಮಾಕ್ಕೆ ಮೀಸಲಿಡಬೇಕೆಂದಾಗ ನನಗೆ ಮೊದಲು ನೆನಪಾದದ್ದು ದೂಷಾನ್ ಮಕವೆಯೇವ್‌ನ 'ಡಬ್ಲ್ಯು. ಆರ್.: ಮಿಸ್ಟರೀಸ್ ಆಫ್ ದಿ ಆರ್ಗನಿಸಂ' (1971). ಅದರ ಹೆಸರೆತ್ತಿದರೆ ಬೆತ್ತಲೆಯ ಮಾತೇ ಮುಂದೆ ಬರುತ್ತದೆ. ಚಿತ್ರ ನೋಡಿದವರೂ ಅಷ್ಟಕ್ಕೇ ನಿಂತುಬಿಟ್ಟಾಗ ಬೇಸರವಾಗುತ್ತದೆ. ಏಕೆಂದರೆ ಅದು ಕಮ್ಯುನಿಸಮ್ಮನ್ನು ಹೊರಗೆ ನಿಂತು ಹಳಿದ ಚಿತ್ರವಲ್ಲ. ಟಿಟೋನ ಯುಗೋಸ್ಲಾವಿಯದಲ್ಲೇ ಬೆಳೆದವನೊಬ್ಬ ತನ್ನವರ ಜೊತೆ ಹೂಡಿದ ಜಗಳ.

ಡಬ್ಲ್ಯು. ಆರ್. ಎಂದರೆ ವಿಲ್ಹೆಲ್ಮ್ ರೈಕ್. ಫ್ರಾಯ್ಡನ ಶಿಷ್ಯ, ಕಮ್ಯುನಿಸ್ಟ್. ಕಾಮವನ್ನು ಹತ್ತಿಕ್ಕಿ, ಅಂಜಿಸಿ ಬೆಳೆಸಿದ ಮನುಷ್ಯ ಸರ್ವಾಧಿಕಾರಿಗೆ ತಾನಾಗಿಯೇ ತಲೆಬಾಗುತ್ತಾನೆ ಎಂಬುದು ಅವನ ವಾದ. 1933ರಲ್ಲಿ ಪಕ್ಷ ಅವನನ್ನು ಹೊರಹಾಕಿತು. ಮರುವರ್ಷ ಅಂತರರಾಷ್ಟ್ರೀಯ ಮನೋವಿಶ್ಲೇಷಣಾ ಸಂಘವೂ ಹೊರಹಾಕಿತು. ಅಮೆರಿಕಕ್ಕೆ ಹೋದ ಮೇಲೆ, ವಿಶ್ವಶಕ್ತಿಯನ್ನು ಪೆಟ್ಟಿಗೆಯಲ್ಲಿ ಕೂಡಿಡಬಹುದೆಂಬ, ಆಧಾರವೇ ಇಲ್ಲದ ನಂಬಿಕೆಗೆ ಬಿದ್ದ. 1956ರಲ್ಲಿ ಅಲ್ಲಿನ ಸರ್ಕಾರ ಅವನ ಪುಸ್ತಕಗಳನ್ನು ಸುಡಿಸಿತು. ಮರುವರ್ಷ ಜೈಲಿನಲ್ಲೇ ಸತ್ತ. ಎರಡೂ ಪಾಳಯಗಳಿಗೆ ಬೇಡವಾದ ಈ ಮನುಷ್ಯನನ್ನು ಅರಸುತ್ತಾ ಮಕವೆಯೇವ್ ಮೇನ್ ರಾಜ್ಯಕ್ಕೆ ಹೋಗಿ ಅವನನ್ನು ಕಂಡವರನ್ನು, ಅವನ ಹೆಂಡತಿ ಮಗನನ್ನು ಮಾತಾಡಿಸುತ್ತಾನೆ.

ಅಲ್ಲಿಂದ ಚಿತ್ರ ಬೆಲ್‌ಗ್ರೇಡಿಗೆ ಹಾರುತ್ತದೆ. ವಠಾರದ ಮೊಗಸಾಲೆಯಲ್ಲಿ ನಿಂತು ಮಿಲೆನಾ ಎಂಬ ಹುಡುಗಿ, ಪ್ರೇಮಕ್ಕೆ ಬಿಡುವಿಲ್ಲದ ಕ್ರಾಂತಿ ಕ್ರಾಂತಿಯೇ ಅಲ್ಲವೆಂದು ಕೆಲಸಗಾರರಿಗೆ ಭಾಷಣ ಮಾಡುತ್ತಾಳೆ. ಅವಳು ಮನಸೋಲುವುದು ಸೋವಿಯತ್ತಿನಿಂದ ಬಂದ ಐಸ್ ಸ್ಕೇಟಿಂಗ್ ಕಲಾವಿದನಿಗೆ. ಅವನ ಹೆಸರು ವ್ಲಾದಿಮಿರ್ ಇಲ್ಯಿಚ್, ಲೆನಿನ್‌ನದೇ ಹೆಸರು. ಹಿಮದಲ್ಲಿ ನಡೆಯುತ್ತಾ ಅವನು ಸಂಗೀತದ ಮಾತೆತ್ತುತ್ತಾನೆ: ಅದನ್ನು ಕೇಳಿದರೆ ಜನರ ತಲೆ ನೇವರಿಸಬೇಕೆನಿಸುತ್ತದೆ, ಆದರೆ ಇದು ತಲೆಗೆ ಹೊಡೆಯಬೇಕಾದ ಕಾಲ. ಲೆನಿನ್ ಹೀಗೆ ಹೇಳಿದ್ದನೆಂದು ಗಾರ್ಕಿ ಬರೆದಿದ್ದಾನೆ. ಆ ಮಾತು ಮುಗಿಯುತ್ತಲೇ ಮಿಲೆನಾ ಅವನ ಮೈ ಮುಟ್ಟುತ್ತಾಳೆ. ಅವನು ಅವಳ ಕೆನ್ನೆಗೆ ಬಾರಿಸುತ್ತಾನೆ. ಮರುಕ್ಷಣವೇ ಅಯ್ಯೋ ಎಂದು ಬಾಗುತ್ತಾನೆ. ಸ್ಟಾಲಿನ್ ವೈಭವದ 'ದಿ ವೌ' (1946) ಚಿತ್ರದ ತುಣುಕುಗಳನ್ನು ಮಕವೆಯೇವ್ ನಡುನಡುವೆ ಜೋಡಿಸಿದ್ದಾನೆ. ಅವುಗಳಿಗಿಂತ ಆ ಒಂದು ಏಟು ನನಗೆ ಹೆಚ್ಚು ಹೇಳುತ್ತದೆ.

ಕೊನೆಗೆ ಕೂಡಿದ ಮೇಲೆ ಅವನು ಸ್ಕೇಟಿನ ಅಲಗಿನಿಂದಲೇ ಅವಳ ತಲೆ ಕಡಿಯುತ್ತಾನೆ. ಶವಾಗಾರದ ತಟ್ಟೆಯಲ್ಲಿಟ್ಟ ಆ ತಲೆ ಮಾತಾಡುತ್ತದೆ: ತಾನು ಕಮ್ಯುನಿಸ್ಟ್ ಆಗಿದ್ದುದಕ್ಕೆ ಈಗಲೂ ನಾಚಿಕೆಯಿಲ್ಲ ಎನ್ನುತ್ತದೆ. ಈ ಚಿತ್ರವನ್ನು ಕಮ್ಯುನಿಸಮ್ಮಿಗೆ ಬರೆದ ಚರಮಗೀತೆಯೆಂದು ಓದುವವರು ಇಲ್ಲಿ ಎಡವುತ್ತಾರೆ. ಅವಳನ್ನು ಕೊಂದದ್ದು ನಂಬಿಕೆಯಲ್ಲ, ಸುಖವನ್ನು ತಾಳಿಕೊಳ್ಳಲಾರದ ಒಬ್ಬ ಶಿಸ್ತಿನ ಸಿಪಾಯಿ.

ಚಿತ್ರದ ಮೇಲೆ ನನಗೊಂದು ತಕರಾರೂ ಇದೆ. ಗಂಡಸಿನ ಭಯವನ್ನು ತೋರಿಸಲು ಹೆಣ್ಣೇ ಯಾಕೆ ಸಾಯಬೇಕು? ಮಕವೆಯೇವ್ ಈ ಪ್ರಶ್ನೆಯನ್ನು ಕೇಳಿಕೊಂಡಂತೆ ಕಾಣುವುದಿಲ್ಲ. ಕೇಳಬೇಕಿತ್ತು.

ಯುಗೋಸ್ಲಾವಿಯದಲ್ಲಿ ಚಿತ್ರ ಬಹುಕಾಲ ಪ್ರದರ್ಶನ ಕಾಣಲಿಲ್ಲ. ಮಕವೆಯೇವ್ ದೇಶ ಬಿಟ್ಟ. 'ಡಬ್ಲ್ಯು. ಆರ್.' ಬಂದ ವರ್ಷವೇ ವಿದ್ಯಾರ್ಥಿಯಾಗಿ 'ಪ್ಲಾಸ್ಟಿಕ್ ಜೀಸಸ್' ತೆಗೆದ ಲಾಝಾರ್ ಸ್ತೊಯಾನೊವಿಚ್ ಜೈಲು ಸೇರಿದ. ಅವನ ಚಿತ್ರದ ಬಗ್ಗೆಯೂ ನಾವು ಬರೆಯಬೇಕು, ಬರೆಸಬೇಕು.