ಅಂತರಪಟದ ಮೇಲೆ ಫೋಕಸ್ಸು

ಕ್ಯಾಮೆರಾ ಮಾರುವವರು ಈಚೆಗೆ ಒಂದು ಹೊಸ ಲೆಕ್ಕ ಕಲಿತಿದ್ದಾರೆ. ಹಿಂದೆ ಮೆಗಾಪಿಕ್ಸೆಲ್ಲುಗಳನ್ನು ಎಣಿಸುತ್ತಿದ್ದರು. ಈಗ ಆಟೋಫೋಕಸ್ ಬಿಂದುಗಳನ್ನು ಎಣಿಸುತ್ತಾರೆ. ಇದರಲ್ಲಿ ಇಷ್ಟು ನೂರು, ಅದರಲ್ಲಿ ಅಷ್ಟು ಸಾವಿರ. ನೀವು ಗುಂಡಿ ಒತ್ತಿದರೆ ಸಾಕು, ಯಾವ ಬಿಂದು ಬೇಕೆಂಬುದನ್ನು ಅದೇ ನೋಡಿಕೊಳ್ಳುತ್ತದೆ ಎಂದು ಅಭಯ ನೀಡುತ್ತಾರೆ. ಕೊಳ್ಳುವವರು ತಲೆದೂಗಿ ಹಣ ತೆರುತ್ತಾರೆ. ಈ ಅಭಯವನ್ನು ನಂಬಬಾರದೆಂಬುದು ನನ್ನ ವಾದ.

ಲೆಕ್ಕವೇನೋ ಸುಳ್ಳಲ್ಲ. 1985ರಲ್ಲಿ ಮಿನೋಲ್ಟಾ 7000 ಬಂದಾಗ ಅದರಲ್ಲಿ ಫೋಕಸ್ ಹಿಡಿಯುವ ಜಾಗವಿದ್ದುದು ಒಂದೇ, ಚೌಕಟ್ಟಿನ ನಟ್ಟನಡುವೆ. 1998ರ ಕ್ಯಾನನ್ ಇಓಎಸ್ 3ರಲ್ಲಿ 45 ಬಿಂದುಗಳಾದವು. 2007ರ ನಿಕಾನ್ ಡಿ3ರಲ್ಲಿ 51. 2017ರ ಸೋನಿ ಎ9ರಲ್ಲಿ 693. 2018ರ ಕ್ಯಾನನ್ ಇಓಎಸ್ ಆರ್‌ನಲ್ಲಿ ಬಿಂದುವನ್ನು ಇಡಬಹುದಾದ ಸ್ಥಾನಗಳೇ 5,655. ಆದರೆ ಒಂದು ಚಿತ್ರಕ್ಕೆ ಬೇಕಾಗುವುದು ಸಾಮಾನ್ಯವಾಗಿ ಒಂದೇ ಬಿಂದು. ಆಯ್ಕೆ ಹೆಚ್ಚಿದಷ್ಟೂ ಆರಿಸುವವನ ಹೊಣೆ ಹೆಚ್ಚಬೇಕಾಗಿತ್ತು. ನಾವು ಆ ಹೊಣೆಯನ್ನೇ ಕಳಚಿ ಯಂತ್ರದ ಕೊರಳಿಗೆ ಕಟ್ಟಿದ್ದೇವೆ.

ಯಂತ್ರ ಹೇಗೆ ಆರಿಸುತ್ತದೆ? ಮಸೂರದ ಎರಡು ಪಕ್ಕಗಳಿಂದ ಬಂದ ಬೆಳಕನ್ನು ಹೋಲಿಸಿ, ಎರಡು ಬಿಂಬಗಳು ಎಷ್ಟು ಸರಿದಿವೆಯೆಂದು ಅಳೆದು, ಅದಕ್ಕೆ ತಕ್ಕಂತೆ ಮಸೂರವನ್ನು ಸರಿಸುತ್ತದೆ. ಅಳೆಯಬೇಕಾದರೆ ಅದಕ್ಕೊಂದು ಗೆರೆ ಬೇಕು, ಅಂಚು ಬೇಕು, ಕಪ್ಪು ಬಿಳುಪಿನ ಭೇದ ಬೇಕು. ಬರಿಯ ಬಿಳಿಗೋಡೆಯ ಮುಂದೆ ಅದು ತಡಕಾಡುತ್ತದೆ. ಎಲ್ಲ ಬಿಂದುಗಳನ್ನೂ ಅದಕ್ಕೇ ಬಿಟ್ಟುಕೊಟ್ಟರೆ, ಮುಖ ಸ್ಪಷ್ಟವಾಗಿ ಸಿಗದಿದ್ದಾಗ, ಹತ್ತಿರದಲ್ಲಿರುವ, ಅಂಚು ಎದ್ದು ಕಾಣುವ ವಸ್ತುವನ್ನೇ ಬಹುಮಟ್ಟಿಗೆ ಹಿಡಿಯುತ್ತದೆ. ಹತ್ತಿರದ್ದೇ ಮುಖ್ಯವಾದದ್ದು ಎಂಬುದು ಅದರ ತರ್ಕ. ಸಂತೆಯಲ್ಲಿ ಮೊದಲು ಕೂಗಿ ಕರೆದವನ ಅಂಗಡಿಗೇ ನುಗ್ಗುವ ಗಿರಾಕಿಯ ತರ್ಕವೂ ಇದೇ.

ಈ ತರ್ಕವನ್ನು ನಮ್ಮ ಮದುವೆಯ ಮಂಟಪಕ್ಕೆ ತನ್ನಿ. ವಧೂವರರ ನಡುವೆ ಅಂತರಪಟ ಹಿಡಿದಿದ್ದಾರೆ. ಅದರ ಮೇಲೆ ಕೆಂಪು ಸ್ವಸ್ತಿಕ. ಗಟ್ಟಿಮೇಳ ಮೊಳಗುತ್ತದೆ, ಪಟ ಸರಿಯುತ್ತದೆ, ಜೀರಿಗೆ ಬೆಲ್ಲ ಬೀಳುತ್ತದೆ. ನಾಲ್ಕಾರು ಕ್ಷಣಗಳಲ್ಲಿ ಎಲ್ಲ ಮುಗಿಯುತ್ತದೆ. ಬಿಳಿಯ ಬಟ್ಟೆಯ ಮೇಲೆ ಕೆಂಪು ಗೆರೆ! ಯಂತ್ರಕ್ಕೆ ಇದಕ್ಕಿಂತ ರುಚಿಯಾದ ತುತ್ತು ಬೇರೆ ಉಂಟೆ? ಹುಡುಗಿಯ ಮುಖವಾದರೋ ಬಾಸಿಂಗ, ಮಲ್ಲಿಗೆ ದಂಡೆಗಳ ನಡುವೆ ಅರ್ಧ ಮರೆಯಾಗಿದೆ, ದೃಷ್ಟಿ ಕೆಳಗಿದೆ. ಆಲ್ಬಮ್ಮಿನಲ್ಲಿ ಬಟ್ಟೆಯ ನೂಲುಗಳನ್ನು ಎಣಿಸಬಹುದು. ಹುಡುಗಿ ಮಾತ್ರ ಮಂಜಿನೊಳಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯೂ ಇಲ್ಲಿ ಹೊಸ ರೀತಿಯಲ್ಲಿ ನಿಜವಾಗುತ್ತದೆ: ಎಷ್ಟೋ ಚಿತ್ರಗಳಲ್ಲಿ ನಿಚ್ಚಳವಾಗಿರುವುದು ಪುರೋಹಿತರ ಭುಜವೊಂದೇ.

ನಮ್ಮ ಬಳಗದ ಒಂದು ಮದುವೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮೊಮ್ಮಗಳ ತಲೆಯ ಮೇಲೆ ಅಕ್ಷತೆ ಹಾಕಿದರು. ಮೂರು ತಿಂಗಳಿಗೆ ಅವರು ತೀರಿಕೊಂಡರು. ಎರಡು ಸಾವಿರಕ್ಕೆ ಮಿಕ್ಕ ಚಿತ್ರಗಳಲ್ಲಿ ಅಜ್ಜಿ ಮೊಮ್ಮಗಳು ಒಟ್ಟಿಗಿದ್ದುದು ಒಂದೇ ಒಂದು. ಅದರಲ್ಲಿ ಕೆತ್ತನೆ ಸಹಿತ ಕಾಣುವುದು ಮುಂದೆ ಹಿಡಿದಿದ್ದ ಬೆಳ್ಳಿಯ ತಟ್ಟೆ. ಕೇಳಿದ್ದಕ್ಕೆ ಛಾಯಾಗ್ರಾಹಕರು, "ಕ್ಯಾಮೆರಾ ಹಾಗೆ ತಗೊಂಡಿದೆ ಸಾರ್" ಎಂದರು. ಈ ಒಂದು ಮಾತಿಗಾಗಿಯೇ ಇಷ್ಟನ್ನೂ ಬರೆಯುತ್ತಿದ್ದೇನೆ. ಸಾರಿಗೆ ಉಪ್ಪು ಹೆಚ್ಚಾದಾಗ ಅಡಿಗೆಯವನು "ಸೌಟು ಹಾಗೆ ಹಾಕಿದೆ" ಎಂದರೆ ಊಟಕ್ಕೆ ಕುಳಿತವರು ಸುಮ್ಮನಿದ್ದಾರೆಯೆ?

"ಅದೆಲ್ಲ ಹಳೆಯ ಮಾತು, ಈಗಿನ ಕ್ಯಾಮೆರಾ ಕಣ್ಣನ್ನೇ ಗುರುತಿಸುತ್ತದೆ" ಎನ್ನುವವರಿದ್ದಾರೆ. ನಿಜ. ಮನುಷ್ಯನ ಕಣ್ಣಷ್ಟೇ ಅಲ್ಲ, ನಾಯಿಯ ಕಣ್ಣು, ಹಕ್ಕಿಯ ಕಣ್ಣನ್ನೂ ಹುಡುಕುವ ಕ್ಯಾಮೆರಾಗಳಿವೆ. ಒಬ್ಬರೇ ಕುಳಿತು ತೆಗೆಸಿಕೊಳ್ಳುವ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಸಹಾಯಕನಿಲ್ಲ. ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 85 ಮಿಲಿಮೀಟರಿನ ಲೆನ್ಸು ಹಾಕಿ, ಎಫ್ 1.4ಕ್ಕೆ ತೆರೆದು, ಒಂದೂವರೆ ಮೀಟರು ದೂರ ನಿಂತರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಎರಡೂವರೆ ಸೆಂಟಿಮೀಟರು ಮಾತ್ರ. ಅಲ್ಲಿ ಕಣ್ಣು ಹಿಡಿದುಕೊಡುವ ಯಂತ್ರವನ್ನು ಬೇಡವೆನ್ನುವವನು ಹಟಮಾರಿ. ಆದರೆ ಮಂಟಪದಲ್ಲಿ ಇಪ್ಪತ್ತು ಮಂದಿಗೆ ನಲವತ್ತು ಕಣ್ಣುಗಳಿವೆಯಲ್ಲ! ಯಾರ ಕಣ್ಣು? ಧಾರೆಯೆರೆಯುವ ತಂದೆಯದೋ, ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಚಿಕ್ಕಮ್ಮನದೋ? ಅಥವಾ ಕಣ್ಣೇ ಅಲ್ಲದೆ, ನೀರು ಬೀಳುತ್ತಿರುವ ಆ ಕೈಗಳೋ? ಫೋಟೋ ಕ್ಲಬ್ಬುಗಳ ಕೆಲವು ತೀರ್ಪುಗಾರರು ಕೈಗಳ ಚಿತ್ರವನ್ನು "ಕಣ್ಣು ಶಾರ್ಪ್ ಇಲ್ಲ" ಎಂದು ತಳ್ಳಿಹಾಕಿಯಾರು. ಅವರೂ ಯಂತ್ರದ ಪಕ್ಷದವರೇ.

1992ರ ಕ್ಯಾನನ್ ಇಓಎಸ್ 5 ಇದಕ್ಕಿಂತ ವಿವೇಕದ ದಾರಿ ಹಿಡಿದಿತ್ತು. ಅದರ ಐದು ಬಿಂದುಗಳಲ್ಲಿ ಯಾವುದರ ಕಡೆ ತೆಗೆಯುವವನ ಕಣ್ಣು ಹೊರಳಿತೋ ಅದನ್ನೇ ಆರಿಸಿಕೊಳ್ಳುತ್ತಿತ್ತು. ನಡುವೆ ಮರೆತುಹೋಗಿದ್ದ ಈ ಉಪಾಯ 2021ರ ಆರ್3ರಲ್ಲಿ ಮರಳಿ ಬಂತು. ಕೇಳಬೇಕಾದ್ದು ಎದುರಿನವರ ಕಣ್ಣನ್ನಲ್ಲ, ತೆಗೆಯುವವನ ಕಣ್ಣನ್ನು ಎಂಬುದು ಅದನ್ನು ಮಾಡಿದವರಿಗಾದರೂ ಹೊಳೆದಿತ್ತು.

ಹಾಗೆಂದು ಹಳೆಯದನ್ನೇ ಹೊಗಳುವ ಪಂಗಡಕ್ಕೂ ನಾನು ಸೇರಿದವನಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳರು 1985ಕ್ಕೆ ಬಹಳ ಮುಂಚೆಯೇ ವನ್ಯಜೀವಿ ಚಿತ್ರಗಳಿಂದ ಹೆಸರಾಗಿದ್ದರು. ಆದ್ದರಿಂದ ಆಟೋಫೋಕಸ್ಸೇ ಬೇಡವೆನ್ನುವುದು ರೈಲು ಬಿಟ್ಟು ಕಾಶಿಗೆ ನಡೆದು ಹೋಗೆಂದಂತೆ. ರಂಗನತಿಟ್ಟಿನಲ್ಲಿ ಬಯಲು ಆಕಾಶದಲ್ಲಿ ಹಾರುವ ಕೊಕ್ಕರೆಗೆ ಬಿಂದುಗಳನ್ನು ಧಾರಾಳವಾಗಿ ಬಿಡಿ. ಅಲ್ಲಿ ಹಕ್ಕಿಯ ಹೊರತು ಹಿಡಿಯಲು ಬೇರೇನಿದೆ? ಅದೇ ಹಕ್ಕಿ ಕೊಂಬೆಗಳ ನಡುವೆ ಕುಳಿತಾಗ ಒಂದೇ ಚಿಕ್ಕ ಬಿಂದುವನ್ನು ನೀವೇ ಅದರ ತಲೆಯ ಮೇಲಿಡಿ. ಇಲ್ಲವಾದರೆ ಮುಂದಿನ ಕಡ್ಡಿಯ ಚಿತ್ರ ಸಿಕ್ಕೀತು. ನಡುಬಿಂದುವಿನಲ್ಲಿ ಹಿಡಿದು ಆಮೇಲೆ ಕ್ಯಾಮೆರಾ ಹೊರಳಿಸುವ ಹಳೆಯ ರೂಢಿ ಎಫ್ 8ರಲ್ಲಿ ನಡೆದೀತು. ಲೆನ್ಸು ಪೂರ್ತಿ ತೆರೆದಿರುವಾಗ, ಹತ್ತಿರದ ಮುಖದಲ್ಲಿ, ಕ್ಯಾಮೆರಾ ಹೊರಳಿದಂತೆ ಫೋಕಸ್ಸಿನ ತಲವೂ ಹೊರಳಿ, ಕಣ್ಣಿಗೆ ಹಿಡಿದದ್ದು ಕಿವಿಗೆ ಹೋಗುತ್ತದೆ. ಬಿಂದುವನ್ನೇ ಸರಿಸಲು ಬೆನ್ನಿನ ಮೇಲೆ ಗುಂಡಿ ಇದೆ. ಹೆಬ್ಬೆರಳಿಗೆ ಕೆಲಸ ಕೊಟ್ಟರಾಯಿತು.

ಮದುವೆಗೆ ಛಾಯಾಗ್ರಾಹಕರನ್ನು ಗೊತ್ತುಮಾಡುವಾಗ ನಾವು ಡ್ರೋನಿನ ಬಾಡಿಗೆ, ಆಲ್ಬಮ್ಮಿನ ಪುಟ, ರಟ್ಟಿನ ಬಣ್ಣದವರೆಗೆ ಚೌಕಾಸಿ ಮಾಡುತ್ತೇವೆ. ಧಾರೆಯ ಹೊತ್ತಿಗೆ ನಿಮ್ಮ ಬಿಂದು ಯಾರ ಮೇಲಿರುತ್ತದೆಂದು ಕೇಳಿದವರನ್ನು ನಾನು ಕಂಡಿಲ್ಲ. ಹಿಂದಿನ ದಿನವೇ ಅವರನ್ನು ಕರೆದುಕೊಂಡು ಹೋಗಿ, ಅಜ್ಜಿ ಕೂರುವ ಕುರ್ಚಿಯನ್ನು ತೋರಿಸಿ ಬನ್ನಿ.