ತಂತಿಯನ್ನು ಕತ್ತರಿಸಬೇಡಿ

ಸಾಹಿತ್ಯ, ಸಂಗೀತ, ಪರಂಪರೆಗಳನ್ನು ಕುರಿತ ಲೇಖನಗಳ ನಡುವೆ ಹಳೆಯ ಪಿಕಪ್ ಟ್ರಕ್ಕಿನ ರೇಡಿಯೋದ ಮಾತೇಕೆ ಎಂದು ಮಾನ್ಯ ಪ್ರತಿನಿಧಿಗಳು ಕೇಳಬಹುದು. ಅಮೆರಿಕದಲ್ಲಿ ನೆಲೆಸಿದ ನಮ್ಮಲ್ಲಿ ಹಲವರ ಮನೆಯ ಮುಂದೆ ಇಂಥದೊಂದು ಮುದಿ ವಾಹನ ನಿಂತಿರುವುದರಿಂದ ಈ ಮಾತು ತೀರ ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ. ಟೆಕ್ಸಾಸಿನಲ್ಲಿ ನನ್ನ ಬಳಿ ಇರುವುದು 1994ರ ಫೋರ್ಡ್ ಎಫ್-150. ಯುಗಾದಿಗೆ ಕನ್ನಡ ಕೂಟದ ಪಾತ್ರೆಗಳನ್ನೂ ರಾಜ್ಯೋತ್ಸವಕ್ಕೆ ರಂಗಸಜ್ಜಿಕೆಯನ್ನೂ ಹೊತ್ತು ಅದರ ಬೆನ್ನು ಸವೆದಿದೆ. ಎಂಜಿನ್ ಮಾತ್ರ ಇನ್ನೂ ಗಟ್ಟಿಯಾಗಿದೆ.

ಕಾರ್ಖಾನೆಯಿಂದಲೇ ಬಂದ ಅದರ ರೇಡಿಯೋದಲ್ಲಿ ಎ.ಎಂ., ಎಫ್.ಎಂ. ಮತ್ತು ಕ್ಯಾಸೆಟ್ ಇದ್ದುವು. 1978ರಲ್ಲಿ ಹೊರಬಂದು ಕನ್ನಡ ಭಾವಗೀತೆಗಳಿಗೆ ಕ್ಯಾಸೆಟ್ಟಿನ ದಾರಿ ತೆರೆದ ‘ನಿತ್ಯೋತ್ಸವ’ವನ್ನು ನಾನು ಅದರಲ್ಲಿ ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಕಳೆದ ವರ್ಷ ಕ್ಯಾಸೆಟ್ ಯಂತ್ರ ಟೇಪನ್ನು ನುಂಗತೊಡಗಿತು. ಅದನ್ನು ಕಿತ್ತು ದೊಡ್ಡ ಪರದೆ ಹಾಕಿಸೋಣವೆಂದು ಮಗಳು ಹೇಳಿದಳು. ಇದ್ದದ್ದು ಇದ್ದಂತೆಯೇ ಇರಲಿ ಎಂದು ನಾನು ಹಟ ಹಿಡಿದೆ. ಈಗ ಯೋಚಿಸಿದರೆ ಇಬ್ಬರದೂ ಪೂರ್ತಿ ಸರಿಯಲ್ಲವೆನಿಸುತ್ತದೆ. ಹಳೆಯ ರೇಡಿಯೋವನ್ನು ಧಾರಾಳವಾಗಿ ಬದಲಿಸಬಹುದು. ಆದರೆ ಕಾರ್ಖಾನೆಯ ಒಂದೇ ಒಂದು ತಂತಿಯನ್ನೂ ಕತ್ತರಿಸದೆ, ಬೇಕಾದಾಗ ಹಳೆಯದನ್ನು ಮತ್ತೆ ಕೂಡಿಸಬಹುದಾದಂತೆ ಬದಲಿಸಬೇಕು. ಇದು ನನ್ನ ಖಚಿತವಾದ ಅಭಿಪ್ರಾಯ.

ಹಳೆಯದೆಂಬ ಮಾತ್ರಕ್ಕೆ ಅದು ಪವಿತ್ರವೆಂದು ನಾನು ವಾದಿಸುವುದಿಲ್ಲ. 1930ರಲ್ಲಿ ಗಾಲ್ವಿನ್ ಸೋದರರು ಮೋಟರೋಲಾ ಎಂಬ ಹೆಸರಿನಲ್ಲಿ ಕಾರಿನ ರೇಡಿಯೋವನ್ನು ಮಾರುಕಟ್ಟೆಗೆ ತಂದಾಗ ಅದೂ ಹೊರಗಿನಿಂದ ತಂದು ಜೋಡಿಸಿದ ವಸ್ತುವೇ ಆಗಿತ್ತು. ಕವಾಟಗಳು ಹೋಗಿ ಟ್ರಾನ್ಸಿಸ್ಟರ್ ಬಂತು. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಈಗ ಬ್ಲೂಟೂತ್ ಬಂದಿದೆ. ಬದಲಾವಣೆಯೇ ಈ ಪೆಟ್ಟಿಗೆಯ ಜಾಯಮಾನ. ಹೀಗಿರುವಾಗ ನನ್ನ ತಕರಾರು ಬದಲಾವಣೆಯ ಮೇಲಲ್ಲ, ಕತ್ತರಿಯ ಮೇಲೆ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಗೆ ನಾನೇ ಸಾಕ್ಷಿ. 1998ರಲ್ಲಿ, ಆಗ ನನ್ನಲ್ಲಿದ್ದ ಇನ್ನೊಂದು ಪಿಕಪ್ಪಿಗೆ ಸಿ.ಡಿ. ಹಾಕುವ ಉತ್ಸಾಹದಲ್ಲಿ ಮೂಲ ಪ್ಲಗ್ಗನ್ನು ಕತ್ತರಿಸಿ, ತಂತಿಗಳನ್ನು ಹೊಸೆದು, ಮೇಲೆ ಟೇಪು ಸುತ್ತಿದೆ. ಫ್ಯೂಸ್ ಪದೇ ಪದೇ ಸುಟ್ಟಾಗ 15 ಆಂಪಿಯರಿನ ಜಾಗದಲ್ಲಿ 30 ಆಂಪಿಯರಿನದನ್ನು ಚುಚ್ಚಿದೆ. ಫ್ಯೂಸ್ ಇರುವುದು ತಂತಿಯನ್ನು ಕಾಪಾಡಲೆಂದೇ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಟೆಕ್ಸಾಸಿನ ಬೇಸಿಗೆಯಲ್ಲಿ ಟೇಪಿನ ಅಂಟು ಕರಗಿ ತಂತಿಗಳು ಬೆತ್ತಲಾದುವು. ಒಂದು ಮಧ್ಯಾಹ್ನ ಹೆದ್ದಾರಿಯಲ್ಲಿ ಡ್ಯಾಶ್‌ಬೋರ್ಡಿನ ಒಳಗಿನಿಂದ ಹೊಗೆ ಬಂತು. ಪಕ್ಕದಲ್ಲಿ ನಾಲ್ಕು ವರ್ಷದ ಮಗಳಿದ್ದಳು. ಗಾಡಿಯನ್ನು ಬದಿಗೆ ನಿಲ್ಲಿಸಿ, ಅವಳನ್ನು ಎತ್ತಿಕೊಂಡು ಹುಲ್ಲಿನ ಮೇಲೆ ಓಡಿದ ಆ ಅರ್ಧ ನಿಮಿಷವನ್ನು ನಾನು ಮರೆತಿಲ್ಲ. ದೇವರ ದಯೆಯಿಂದ ಯಾರಿಗೂ ಅಪಾಯವಾಗಲಿಲ್ಲ.

ಇಷ್ಟಾಗಿ, ಸರಿಯಾದ ದಾರಿ ಕಷ್ಟದ್ದೇನೂ ಅಲ್ಲ. ಒಂದು ಹೊತ್ತಿನ ಹೋಟೆಲಿನ ಊಟದ ಬೆಲೆಗೆ ಅಡಾಪ್ಟರ್ ತಂತಿಕಟ್ಟು ಸಿಗುತ್ತದೆ. ಅದರ ಒಂದು ತುದಿ ಟ್ರಕ್ಕಿನ ಮೂಲ ಪ್ಲಗ್ಗಿಗೆ ಕೂಡುತ್ತದೆ. ಇನ್ನೊಂದು ತುದಿಯನ್ನು ಹೊಸ ರೇಡಿಯೋದ ತಂತಿಗಳಿಗೆ ಮೇಜಿನ ಮೇಲಿಟ್ಟುಕೊಂಡೇ ಜೋಡಿಸಬಹುದು. ಹೊಸ ರೇಡಿಯೋಗಳಲ್ಲಿ ಬಣ್ಣಗಳಿಗೆ ಒಂದು ರೂಢಿಯಿದೆ: ಹಳದಿ ಸದಾ ಜೀವಂತವಾಗಿದ್ದು ಗಡಿಯಾರದ ನೆನಪನ್ನು ಕಾಯುತ್ತದೆ, ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುತ್ತದೆ, ಕಪ್ಪು ವಾಹನದ ಲೋಹದ ಒಡಲನ್ನು ಸೇರಬೇಕು. ಬಿಳಿ ಮತ್ತು ಬೂದು ಮುಂದಿನ ಎಡಬಲದ ಸ್ಪೀಕರುಗಳಿಗೆ, ಹಸಿರು ಮತ್ತು ನೇರಳೆ ಹಿಂದಿನವಕ್ಕೆ. ಕಾರ್ಖಾನೆಯ ತಂತಿಗಳು ಮಾತ್ರ ಈ ರೂಢಿಯನ್ನು ಪಾಲಿಸುವುದಿಲ್ಲ. ಬರಿಯ ಬಣ್ಣ ನೋಡಿ ನೇರವಾಗಿ ಗಂಟು ಹಾಕಿದರೆ ಕೆಡುಕು ಖಂಡಿತ. ಕೆಲಸಕ್ಕೆ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಡಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪೆಟ್ಟಿಗೆಯ ಮೇಲೆ ಅಚ್ಚಾದ ‘50 ವಾಟ್’ ಎಂಬ ಮಾತಿಗೂ ಮರುಳಾಗಬಾರದು. ಅದು ಕ್ಷಣಮಾತ್ರದ ಶಿಖರ. ಪ್ರತಿ ಸ್ಪೀಕರಿಗೆ ಸತತವಾಗಿ ದೊರೆಯುವುದು 20 ವಾಟಿನ ಆಸುಪಾಸು. ಮೂವತ್ತು ವರ್ಷದ ಟ್ರಕ್ಕಿನಲ್ಲಿ ಸ್ಪೀಕರಿನ ಕಾಗದ, ಅಂಚಿನ ಫೋಮು ಪುಡಿಯಾಗಿರುವುದೇ ಹೆಚ್ಚು. ಅವನ್ನು ಬದಲಿಸಿದರೆ ಸಿಗುವ ಇಂಪು ಬರಿಯ ಪರದೆಯಿಂದ ಸಿಗಲಾರದು.

ಪರದೆಯ ಬಗ್ಗೆ ನನ್ನ ಆಕ್ಷೇಪ ಇನ್ನೂ ಇದೆ. ತಿರುಗಿಸುವ ಗುಂಡಿಯನ್ನು ಕೈ ತಾನೇ ಹುಡುಕಿಕೊಳ್ಳುತ್ತದೆ. ಪರದೆಯನ್ನು ಕಣ್ಣೇ ಹುಡುಕಬೇಕು. ಕಣ್ಣಿರಬೇಕಾದದ್ದು ರಸ್ತೆಯ ಮೇಲೆ. ಕೊಳ್ಳುವ ರೇಡಿಯೋದಲ್ಲಿ ಎ.ಎಂ. ಇರುವುದನ್ನೂ ನೋಡಿಕೊಳ್ಳಬೇಕು. ಕೆಲವು ತಯಾರಕರು ವಿದ್ಯುತ್ ವಾಹನಗಳಿಂದ ಎ.ಎಂ. ಅನ್ನು ಕೈಬಿಟ್ಟಾಗ, ಹೊಸ ವಾಹನಗಳಲ್ಲಿ ಅದು ಇರಲೇಬೇಕೆಂಬ ಮಸೂದೆ 2023ರಲ್ಲಿ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಮಂಡನೆಯಾಯಿತು. ಚಂಡಮಾರುತ ಬಂದು ಫೋನು ಸತ್ತ ರಾತ್ರಿ ನೂರಾರು ಮೈಲಿ ದೂರದ ದನಿಯನ್ನು ತರಬಲ್ಲದ್ದು ಈ ಹಳೆಯ ತರಂಗವೇ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದರೆಂದು ಹೆಮ್ಮೆಪಡುವ ನಾವು ಅದನ್ನು ಕಸವೆಂದು ಎಸೆಯಬಾರದು.

ಇಷ್ಟು ಹಳೆಯ ಗಾಡಿಗೆ ಇಷ್ಟು ಮುತುವರ್ಜಿ ಏಕೆ, ಹಳೆಯ ರೇಡಿಯೋವನ್ನು ಮತ್ತೆ ಯಾರು ಕೂಡಿಸುತ್ತಾರೆ ಎಂದು ಸ್ನೇಹಿತರು ಕೇಳುತ್ತಾರೆ. ನಾನು ಕೂಡಿಸದಿರಬಹುದು. ಆದರೆ ಗಾಡಿ ನನ್ನ ನಂತರವೂ ಓಡುವುದಾದರೆ ಆ ಆಯ್ಕೆ ಮುಂದಿನವರದು. ನಾನು ಇಂದು ಕತ್ತರಿಸಿದರೆ ಅವರ ಆಯ್ಕೆಯನ್ನೂ ಕತ್ತರಿಸಿದಂತೆ.

ಕೊನೆಗೆ ಕೆಲಸ ಮಾಡಿದವಳು ಮಗಳೇ. ರೇಡಿಯೋದ ಮುಖದಲ್ಲಿರುವ ನಾಲ್ಕು ತೂತುಗಳಿಗೆ ಕೊಕ್ಕೆಯಂಥ ಸಾಧನ ತೂರಿಸಿ ಅದನ್ನು ಒಂದು ಗೀರೂ ಬೀಳದಂತೆ ಎಳೆದಳು. ಅಡಾಪ್ಟರ್ ಹಾಕಿ, ಗುಂಡಿಗಳಿರುವ ಸಾದಾ ರೇಡಿಯೋ ಕೂಡಿಸಿದಳು. ಹಳೆಯದು ಪೆಟ್ಟಿಗೆಯೊಂದರಲ್ಲಿ ಭದ್ರವಾಗಿದೆ. ಯಾವ ತಂತಿ ಎಲ್ಲಿಗೆಂದು ಮುಚ್ಚಳದ ಮೇಲೆ ಅವಳೇ ಬರೆದಿಟ್ಟಿದ್ದಾಳೆ. ಅದೇ ಭಾವಗೀತೆಗಳು ಈಗ ಅವಳ ಫೋನಿನಿಂದ ಹೊರಡುತ್ತವೆ.

ನಮ್ಮ ಕೂಟಗಳಲ್ಲಿಯೂ ಕಿರಿಯರು ಬದಲಾವಣೆ ಬೇಡುತ್ತಾರೆ, ಹಿರಿಯರು ಬೇಡವೆನ್ನುತ್ತಾರೆ. ಈ ಸಮ್ಮೇಳನದ ಮೂರು ದಿನಗಳಲ್ಲಿಯೂ ಆ ಚರ್ಚೆ ನಡೆಯದಿರದು. ಆಗ ಎರಡೂ ಕಡೆಯವರು ಮೊದಲು ಕತ್ತರಿಯನ್ನು ಕೆಳಗಿಟ್ಟು, ನಡುವೆ ಕೂಡಿಸಬಲ್ಲ ತಂತಿಕಟ್ಟು ಯಾವುದೆಂದು ಹುಡುಕಲಿ ಎಂಬುದಷ್ಟೇ ಈ ಹಳೆಯ ಟ್ರಕ್ಕಿನ ಮಾಲೀಕನ ವಿನಂತಿ.